ಕಲ್ಲನ್ನು ಮಾತಾಡಿಸಿದ ಫೂಟ್ ಸಾಹೇಬರು

ಕೊಪ್ಪಳದ ಗವಿಮಠದ ಬೆಟ್ಟದ ಮೇಲೆ ಒಂದು ಶಾಸನ ಇದೆ. ಅಲ್ಲೇ ಹತ್ತಿರದ ಪಾಲ್ಕಿಗುಂಡಿನ ಮೇಲೆ ಇನ್ನೊಂದು. ಎರಡೂ ಅಶೋಕ ಚಕ್ರವರ್ತಿಯವು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ವಯಸ್ಸು ಸುಮಾರು 2,250 ವರ್ಷ. ನಮ್ಮ ಕಡೆ ಅಕ್ಷರ ಅಂತ ಕಣ್ಣಿಗೆ ಬೀಳೋದು ಅಲ್ಲಿಂದ ಮುಂದಕ್ಕೆ.

ಹಾಗಾದ್ರೆ ಅದಕ್ಕಿಂತ ಹಿಂದೆ ಇಲ್ಲಿ ಜನ ಮಾತಾಡ್ತಿರಲಿಲ್ವಾ? ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿದವರಿಗೆ ಈ ಪ್ರಶ್ನೆ ಬಂದೇ ಬರುತ್ತೆ. ಅಲ್ಲಿ ಊರವರು ಮೋರ್ಯರ ಮನೆ ಅಂತ ಕರೆಯೋ ನೂರಾರು ಕಲ್ಲಿನ ಗೋರಿಗಳಿವೆ. ಟನ್‌ಗಟ್ಟಲೆ ತೂಕದ ಚಪ್ಪಡಿಗಳನ್ನು ನಾಲ್ಕೂ ಕಡೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವಕ್ಕೆ ದುಂಡನೆಯ ಕಿಂಡಿಯನ್ನೂ ಕೊರೆದಿದ್ದಾರೆ. ಕ್ರೇನ್ ಇಲ್ಲ, ಡ್ರಾಯಿಂಗ್ ಇಲ್ಲ. ಹತ್ತಾರು ಜನ ಒಟ್ಟಿಗೆ ಕೈ ಹಚ್ಚಬೇಕಾದರೆ ಎತ್ತು, ಹಿಡಿ, ಬಿಡು ಅಂತ ಹೇಳಲೇಬೇಕಿತ್ತಲ್ಲ? ಆದರೆ ಅವರ ಒಂದೇ ಒಂದು ಮಾತೂ ನಮಗೆ ಉಳಿದಿಲ್ಲ. ಎಲುಬು ಉಳಿಯುತ್ತೆ, ಮಡಿಕೆ ಚೂರು ಉಳಿಯುತ್ತೆ, ಕಲ್ಲು ಉಳಿಯುತ್ತೆ. ಮಾತು ಬಾಯಿಂದ ಹೊರಬಿದ್ದ ಕ್ಷಣಕ್ಕೇ ಗಾಳಿಪಾಲು.

ಮನುಷ್ಯ ಮಾತು ಕಲಿತದ್ದು ಯಾವಾಗ, ಹೇಗೆ ಅನ್ನೋದಕ್ಕೆ ನೇರ ಸಾಕ್ಷಿ ಸಿಗೋದಿಲ್ಲ. ಸಿಗೋದು ಕಲ್ಲಿನ ಸಾಕ್ಷಿ ಮಾತ್ರ. ಭಾರತದಲ್ಲಿ ಆ ಸಾಕ್ಷಿಯನ್ನು ಮೊದಲು ಗುರುತಿಸಿ, ಐವತ್ತು ವರ್ಷ ಬಿಡದೆ ಕಲೆಹಾಕಿದವರ ಹೆಸರು ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗಿತಿಹಾಸದ ಪಿತಾಮಹ ಅಂತ ಅವರನ್ನು ಕರೆಯೋ ರೂಢಿ ಇದೆ. ಅವರು ಇತಿಹಾಸದ ಮೇಷ್ಟ್ರಾಗಿರಲಿಲ್ಲ, ಭಾಷಾಶಾಸ್ತ್ರಜ್ಞರೂ ಅಲ್ಲ. ನಮ್ಮ ಹಾಗೆ ಕಲ್ಲು ಮಣ್ಣು ಅಳೆಯೋ ಫೀಲ್ಡ್ ಕೆಲಸದ ಮನುಷ್ಯ. ಅವರ ಕೆಲಸದ ಒಂದು ಭಾಗ ನಡೆದದ್ದು ನಮ್ಮ ಸುತ್ತಮುತ್ತಲಿನ ಜಿಲ್ಲೆಗಳಲ್ಲೇ.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ, ಇಪ್ಪತ್ನಾಲ್ಕನೇ ವಯಸ್ಸಿಗೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಸೇರಿದರು. ಆಗ ಅದರ ಮುಖ್ಯಸ್ಥರಾಗಿದ್ದವರು ಥಾಮಸ್ ಓಲ್ಡ್‌ಹ್ಯಾಮ್. ಫೂಟ್‌ರನ್ನು ಮದ್ರಾಸ್ ಪ್ರಾಂತ್ಯದ ಸರ್ವೆಗೆ ಹಾಕಿದರು. ಯಾವ ಬಂಡೆ ಎಲ್ಲಿದೆ, ಕಲ್ಲಿದ್ದಲು ಇದೆಯಾ, ಕಬ್ಬಿಣ ಇದೆಯಾ, ಚಿನ್ನ ಇದೆಯಾ ಅಂತ ನಕ್ಷೆ ತಯಾರಿಸೋದು ಕೆಲಸ. ಡೇರೆ, ಎತ್ತಿನ ಬಂಡಿ, ಕುದುರೆ, ಸುತ್ತಿಗೆ, ದಿಕ್ಸೂಚಿ, ನೋಟ್ ಪುಸ್ತಕ. ಜಿಪಿಎಸ್ ಇಲ್ಲದ ಕಾಲ. ದಾರಿ ತೋರಿಸಿದವರು ಊರಿನ ಕುರುಬರು, ರೈತರು, ಬಂಡಿ ಹೊಡೆಯೋರು. ಇಂಥ ಸರ್ವೆ ಪುಸ್ತಕಗಳಲ್ಲಿ ಅವರ ಹೆಸರು ಸಿಗೋದು ಅಪರೂಪ. ಆದರೆ ಅವರಿಲ್ಲದೆ ಯಾವ ಸಾಹೇಬನಿಗೂ ಯಾವ ಗುಡ್ಡವೂ ಕಾಣ್ತಿರಲಿಲ್ಲ ಅನ್ನೋದನ್ನು ನಾವು ನೆನಪಿಟ್ಟುಕೊಳ್ಳಬೇಕು.

ಅವರ ಬದುಕು ತಿರುಗಿದ್ದು 1863ರ ಮೇ 30ರಂದು. ಮದ್ರಾಸಿನ ದಕ್ಷಿಣಕ್ಕೆ ಪಲ್ಲಾವರಂ ಅಂತ ದಂಡಿನ ಪ್ರದೇಶ. ಅಲ್ಲಿ ಗರಸು ತೆಗೆದ ಒಂದು ಸಣ್ಣ ಗುಂಡಿ ಇತ್ತು. ಅಂಥ ಗುಂಡಿಯನ್ನು ನಾವು ದಿನಾ ನೋಡ್ತೀವಿ, ಮಳೆಗಾಲದಲ್ಲಿ ನೀರು ನಿಂತಿರುತ್ತೆ, ಎಮ್ಮೆ ಬಿದ್ದಿರುತ್ತೆ. ಗುಂಡಿಯಿಂದ ಹೊರಗೆ ಹಾಕಿದ ಗರಸಿನಲ್ಲಿ ಫೂಟ್‌ರ ಕಣ್ಣಿಗೆ ಒಂದು ಕಲ್ಲು ಬಿತ್ತು. ಅದು ಕ್ವಾರ್ಟ್ಜೈಟ್. ಎರಡೂ ಮುಖದಿಂದ ಚಕ್ಕೆ ಎಬ್ಬಿಸಿದ್ದರು. ಅದು ತಾನಾಗೇ ಒಡೆದ ಕಲ್ಲಲ್ಲ, ಯಾರೋ ಕೈಯಾರೆ ಮಾಡಿದ ಹತಾರ ಅಂತ ಅವರಿಗೆ ಗೊತ್ತಾಯಿತು.

ಹೇಗೆ ಗೊತ್ತಾಯಿತು ಅನ್ನೋದು ಎಂಜಿನಿಯರಿಂಗ್ ಓದೋರು ಕೇಳಬೇಕಾದ ಪ್ರಶ್ನೆ. ಕ್ವಾರ್ಟ್ಜೈಟ್ ಬಲು ಗಟ್ಟಿ, ಆದರೆ ಪೆಡಸು. ಬಾಗೋದಿಲ್ಲ, ಒಡೆಯುತ್ತೆ. ಅಂಚಿನ ಹತ್ತಿರ, ತೊಂಬತ್ತು ಡಿಗ್ರಿಗಿಂತ ಕಡಿಮೆ ಕೋನ ಇರೋ ಕಡೆ ಸರಿಯಾಗಿ ಏಟು ಕೊಟ್ಟರೆ ಸೀಳು ಒಳಗೆ ಹರಿದು, ಚಿಪ್ಪಿನ ಆಕಾರದ ಚಕ್ಕೆ ಹಾರುತ್ತೆ. ಏಟು ಬಿದ್ದ ಜಾಗದಲ್ಲಿ ಸಣ್ಣ ಉಬ್ಬು, ಅಲ್ಲಿಂದ ಅಲೆ ಅಲೆಯಾದ ಗುರುತು ಉಳಿಯುತ್ತೆ. ನದಿಯಲ್ಲಿ ಉರುಳಿದ ಕಲ್ಲೂ ಒಡೆಯುತ್ತೆ, ಆದರೆ ಎಲ್ಲೆಂದರಲ್ಲಿ. ಒಂದು ಅಂಚಿನ ಸುತ್ತ ಕ್ರಮವಾಗಿ, ಒಮ್ಮೆ ಈ ಮುಖ, ಒಮ್ಮೆ ಆ ಮುಖ ಅಂತ ಚಕ್ಕೆ ಎದ್ದಿದ್ದರೆ ಅದರ ಹಿಂದೆ ಕೈ ಇದೆ. ಆ ಕೈ ಹಿಂದೆ ಒಂದು ಉದ್ದೇಶ ಇದೆ.

ಅದೇ ವರ್ಷ ಸೆಪ್ಟೆಂಬರ್ 28ರಂದು ಫೂಟ್ ತಮ್ಮ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಮದ್ರಾಸಿನ ವಾಯವ್ಯಕ್ಕಿರೋ ಅತ್ತಿರಂಪಾಕ್ಕಂ ಎಂಬ ಊರಿಗೆ ಹೋದರು. ಕೊಸಸ್ತಲೈಯಾರ್ ನದಿಯ ಬಯಲು ಅದು. ಅಲ್ಲಿ ಒಂದಲ್ಲ ಎರಡಲ್ಲ, ಕಲ್ಲಿನ ಕೊಡಲಿಗಳ ದೊಡ್ಡ ತಾಣವೇ ಸಿಕ್ಕಿತು. ಮನುಷ್ಯನ ಚರಿತ್ರೆ ಭಾರತದಲ್ಲಿ ವೇದ, ಪುರಾಣ, ಶಾಸನಗಳಿಂದ ಶುರುವಾಗೋದಿಲ್ಲ, ಅದಕ್ಕಿಂತ ಎಷ್ಟೋ ಹಿಂದೆ ಹೋಗುತ್ತೆ ಅಂತ ಅವತ್ತು ಸಾಬೀತಾಯಿತು.

ಆ ಹೊತ್ತಿಗೆ ಜಗತ್ತಿನಲ್ಲಿ ಏನು ನಡೀತಿತ್ತು ಅಂತಲೂ ನೋಡಬೇಕು. ಫ್ರಾನ್ಸಿನ ಸೊಮ್ ನದಿ ದಂಡೆಯಲ್ಲಿ ಬೂಷೆ ದ ಪೆರ್ತ್ ಎಂಬುವರು ಇಂಥವೇ ಕಲ್ಲಿನ ಹತಾರ ಹುಡುಕಿ ವರ್ಷಗಟ್ಟಲೆ ವಾದ ಮಾಡಿದ್ದರು, ಹೆಚ್ಚು ಜನ ನಂಬಿರಲಿಲ್ಲ. 1859ರಲ್ಲಿ ಇಂಗ್ಲೆಂಡಿನ ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ ಹೋಗಿ ನೋಡಿ ಒಪ್ಪಿಕೊಂಡ ಮೇಲೆ ವಿಜ್ಞಾನಿಗಳ ಮನಸ್ಸು ತಿರುಗಿತು. ಅದೇ ವರ್ಷ ಡಾರ್ವಿನ್‌ರ ಜೀವಜಾತಿಗಳ ಉಗಮದ ಪುಸ್ತಕ ಬಂತು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ಒಂದೇ ಉಚ್ಚಾರ ಬಿಟ್ಟು ಬೇರೇನೂ ಹೇಳಲಾಗದಿದ್ದ ರೋಗಿಯೊಬ್ಬನ ಮೆದುಳನ್ನು ಅವನ ಮರಣದ ನಂತರ ಪರೀಕ್ಷಿಸಿ, ಎಡಭಾಗದ ಮುಂದಿನ ಒಂದು ಜಾಗಕ್ಕೂ ಮಾತಿಗೂ ಸಂಬಂಧ ಇದೆ ಅಂತ ತೋರಿಸಿದರು. ಪಲ್ಲಾವರಂ ಕಲ್ಲು ಸಿಕ್ಕಿದ್ದು ಇದಾದ ಎರಡೇ ವರ್ಷಕ್ಕೆ.

ಭಾಷೆ ಹೇಗೆ ಹುಟ್ಟಿತು ಅನ್ನೋದರ ಬಗ್ಗೆ ಆಗ ಯೂರೋಪಿನಲ್ಲಿ ಊಹೆಗಳ ಜಾತ್ರೆ. ಪ್ರಾಣಿಗಳ ಕೂಗು ಅನುಕರಿಸಿ ಮಾತು ಬಂತು ಅಂತ ಒಬ್ಬರು, ನೋವು ಸಂತೋಷದ ಉದ್ಗಾರದಿಂದ ಬಂತು ಅಂತ ಇನ್ನೊಬ್ಬರು. ಮ್ಯಾಕ್ಸ್ ಮುಲ್ಲರ್ ಇವಕ್ಕೆ ಬೌ-ವೌ ಸಿದ್ಧಾಂತ, ಪೂ-ಪೂ ಸಿದ್ಧಾಂತ ಅಂತ ಅಡ್ಡಹೆಸರಿಟ್ಟು ನಗೆ ಮಾಡಿದರು. ಪುರಾವೆ ಇಲ್ಲದ ಈ ಜಗಳ ಎಷ್ಟು ಅತಿಯಾಯಿತೆಂದರೆ, 1866ರಲ್ಲಿ ಪ್ಯಾರಿಸ್ಸಿನ ಭಾಷಾಶಾಸ್ತ್ರ ಸಂಘವು ಭಾಷೆಯ ಹುಟ್ಟಿನ ಬಗ್ಗೆ ಯಾವ ಪ್ರಬಂಧವನ್ನೂ ಸ್ವೀಕರಿಸೋದಿಲ್ಲ ಅಂತ ತನ್ನ ನಿಯಮಾವಳಿಯಲ್ಲೇ ಬರೆದುಕೊಂಡಿತು.

ಅದೇ 1866ರಲ್ಲಿ ಮದ್ರಾಸಿನಿಂದ ಫೂಟ್‌ರ ಪ್ರಬಂಧ ಅಚ್ಚಾಯಿತು. ಮದ್ರಾಸ್ ಮತ್ತು ಉತ್ತರ ಆರ್ಕಾಟ್ ಜಿಲ್ಲೆಗಳ ಜಂಬಿಟ್ಟಿಗೆ ಪದರಗಳಲ್ಲಿ ಸಿಕ್ಕ ಕಲ್ಲಿನ ಹತಾರಗಳ ಬಗ್ಗೆ. ಒಂದು ಕಡೆ ಪುರಾವೆ ಇಲ್ಲ ಅಂತ ಬಾಗಿಲು ಮುಚ್ಚಿದರು, ಇನ್ನೊಂದು ಕಡೆ ಗರಸಿನ ಗುಂಡಿಯಿಂದ ಪುರಾವೆ ಏಳ್ತಾ ಇತ್ತು. ಇವೆರಡಕ್ಕೂ ಸಂಬಂಧ ಇದೆ ಅಂತ ಅವತ್ತು ಯಾರಿಗೂ ಹೊಳೆದಿರಲಿಲ್ಲ. ಫೂಟ್ ಸಹ ಭಾಷೆಯ ಹುಟ್ಟಿನ ಮೇಲೆ ಸಿದ್ಧಾಂತ ಕಟ್ಟಲು ಹೋದವರಲ್ಲ. ಕಲ್ಲು ಎಷ್ಟು ಹೇಳುತ್ತೋ ಅಷ್ಟೇ ಬರೆದರು.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಅವರ ಮನೆಯಲ್ಲೇ ಭಾಷೆಯ ಪಂಡಿತರಿದ್ದರು. ಹೆಂಡತಿ ಎಲಿಜಬೆತ್‌ರ ತಂದೆ ಪೀಟರ್ ಪರ್ಸಿವಲ್, ತಮಿಳಿನಲ್ಲಿ ಆಳವಾಗಿ ಕೆಲಸ ಮಾಡಿದವರು. ತಮಿಳು ಗಾದೆಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿದರು, ನಿಘಂಟು ಮಾಡಿದರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳಿದರು. ಮಾವ ಜನರ ಬಾಯಿಂದ ಮಾತು ಆರಿಸಿದರು, ಅಳಿಯ ಜನರ ಕಾಲಡಿಯಿಂದ ಕಲ್ಲು ಆರಿಸಿದರು. ಇಬ್ಬರದ್ದೂ ಒಂದೇ ಥರದ ಕೆಲಸ: ಬಿದ್ದು ಹೋಗೋದನ್ನು ಎತ್ತಿಡೋದು.

1868ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಪ್ರಾಗಿತಿಹಾಸ ಸಮ್ಮೇಳನದಲ್ಲಿ ಫೂಟ್ ತಮ್ಮ ಶೋಧವನ್ನು ಮಂಡಿಸಿದರು. ಆಮೇಲೆ ಅವರ ಕೆಲಸ ನಮ್ಮ ಕಡೆ ತಿರುಗಿತು. ಆಗ ದಕ್ಷಿಣ ಮರಾಠಾ ಸೀಮೆ ಅಂತ ಕರೀತಿದ್ದ ಬೆಳಗಾವಿ, ಧಾರವಾಡ, ಬಿಜಾಪುರ ಭಾಗದ ಬಂಡೆಗಳನ್ನೆಲ್ಲ ಅಳೆದು 1876ರಲ್ಲಿ ದೊಡ್ಡ ವರದಿ ಪ್ರಕಟಿಸಿದರು. ಮಲಪ್ರಭಾ ನದಿಯ ಬಯಲಿನಲ್ಲಿ ಮತ್ತೆ ಅದೇ ಕ್ವಾರ್ಟ್ಜೈಟ್ ಕೈಕೊಡಲಿಗಳು ಸಿಕ್ಕವು. ಮದ್ರಾಸಿನಿಂದ ಇಷ್ಟು ದೂರ ಬಂದರೂ ಅದೇ ಆಕಾರ, ಅದೇ ಕ್ರಮ.

ಇನ್ನೂ ಈಚೆ ಬಂದರೆ ರಾಯಚೂರು ದೋಆಬ್, ಅಂದ್ರೆ ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ನೆಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕುಷ್ಟಗಿಯ ಪಕ್ಕದ ಲಿಂಗಸುಗೂರಿನಲ್ಲಿ 1842ರಲ್ಲೇ ಡಾಕ್ಟರ್ ಪ್ರಿಮ್‌ರೋಸ್ ಎಂಬುವರು ಕಲ್ಲಿನ ಚಾಕು, ಬಾಣದ ಮೊನೆಗಳನ್ನು ಕಂಡಿದ್ದರು. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಕಲ್ಲುಗೋರಿಗಳನ್ನು ಅಗೆಸಿ ಬರೆದಿದ್ದರು. ಅಂದರೆ ಫೂಟ್ ಬರೋ ಹೊತ್ತಿಗೆ ನಮ್ಮ ನೆಲದ ಬಗ್ಗೆ ಸುಳಿವು ಇತ್ತು. ಆದರೆ ಯಾವುದು ಎಷ್ಟು ಹಳೆಯದು, ಯಾವುದರ ನಂತರ ಯಾವುದು ಅಂತ ಪದರ ನೋಡಿ ಜೋಡಿಸೋ ಭೂವಿಜ್ಞಾನಿಯ ಕಣ್ಣು ಇರಲಿಲ್ಲ. ಅದು ಫೂಟ್‌ರಿಂದ ಬಂತು. 1870ರಲ್ಲಿ ಒಮ್ಮೆ, 1888ರಲ್ಲಿ ಇನ್ನೊಮ್ಮೆ ಅವರು ಮಸ್ಕಿಗೆ ಬಂದು ಅಲ್ಲಿನ ಹಳೇ ನೆಲೆಯನ್ನು ಗುರುತಿಸಿದರು. ಅದೇ ಮಸ್ಕಿಯಲ್ಲಿ 1915ರಲ್ಲಿ ಚಿನ್ನ ಹುಡುಕ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಅಶೋಕನ ಹೆಸರಿರೋ ಶಾಸನ ಸಿಕ್ಕಿತು. ನೆಲ ನೋಡೋ ಅಭ್ಯಾಸ ಇದ್ದವರಿಗೇ ಇಂಥವು ಸಿಗೋದು.

ಇಲಾಖೆಯ ಕೆಲಸವನ್ನೂ ಅವರು ಬಿಡಲಿಲ್ಲ. ನಮ್ಮ ಭಾಗದ ಹಳೇ ನೈಸ್ ಬಂಡೆಗಳ ನಡುವೆ ಕಪ್ಪು ಪಟ್ಟಿಗಳ ಹಾಗೆ ಹಾಯ್ದಿರೋ ಶಿಸ್ಟ್ ಬಂಡೆಗಳನ್ನು ಬೇರೆ ಮಾಡಿ, ಅವಕ್ಕೆ ಧಾರವಾಡ ಶ್ರೇಣಿ ಅಂತ ಹೆಸರು ಕೊಟ್ಟವರು ಫೂಟ್. ಹಟ್ಟಿಯ ಚಿನ್ನ, ಸಂಡೂರಿನ ಕಬ್ಬಿಣ ಎಲ್ಲಾ ಇರೋದು ಇಂಥ ಪಟ್ಟಿಗಳಲ್ಲೇ. ಹುನಗುಂದದಿಂದ ಕುಷ್ಟಗಿ ಕಡೆಗೆ ಹಾಯ್ದಿರೋದೂ ಇಂಥದ್ದೇ ಪಟ್ಟಿ. ಇವತ್ತು ಭೂವಿಜ್ಞಾನದ ಪಠ್ಯದಲ್ಲಿ ಧಾರವಾಡ ಅನ್ನೋ ಹೆಸರು ಜಗತ್ತಿನಾದ್ಯಂತ ಓದ್ತಾರೆ ಅಂದರೆ ಅದರ ಹಿಂದೆ ಇವರಿದ್ದಾರೆ. 1895ರಲ್ಲಿ ಬಂದ ಅವರ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಪುಸ್ತಕದಲ್ಲಿ ಸಂಡೂರು ಬೆಟ್ಟಗಳ ಅದಿರಿನ ವಿವರ ಇದೆ.

ಬಳ್ಳಾರಿಯಲ್ಲಿ ಫೂಟ್‌ರಿಗೆ ಎರಡು ಒಗಟು ಎದುರಾದವು. ಮೊದಲನೆಯದು ಬೂದಿ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವಾಗ ಕುಡಿತಿನಿ ಸಿಗುತ್ತಲ್ಲ, ಅಲ್ಲಿ ರಸ್ತೆ ಪಕ್ಕ ಬೂದಿಯ ದೊಡ್ಡ ದಿಬ್ಬ ಇದೆ. ಭೀಮ ಕೊಂದ ಹಿಡಿಂಬಾಸುರನ ಚಿತೆಯ ಬೂದಿ ಅಂತ ಜನರ ಕಥೆ. ಇಂಗ್ಲಿಷರಲ್ಲೂ ಕೆಲವರು ಜ್ವಾಲಾಮುಖಿ ಅಂದರು, ಕೆಲವರು ಕುಲುಮೆಯ ಕಿಟ್ಟ ಅಂದರು. ಫೂಟ್ ಬೂದಿಯನ್ನು, ಅದರ ಜೊತೆ ಸಿಗೋ ನುಣುಪು ಕಲ್ಲುಕೊಡಲಿ, ಮಡಿಕೆ ಚೂರು, ದನದ ಎಲುಬುಗಳನ್ನು ಒಟ್ಟಿಗೆ ನೋಡಿದರು. ಇದು ಹೊಸಶಿಲಾಯುಗದ ದನಗಾಹಿಗಳ ಸಗಣಿ ಸುಟ್ಟ ಬೂದಿ ಅನ್ನೋ ದಿಕ್ಕಿನಲ್ಲಿ ಯೋಚಿಸಿದರು. 1957ರಲ್ಲಿ ರೇಮಂಡ್ ಆಲ್ಚಿನ್ ಉಟ್ನೂರಿನಲ್ಲಿ ಅಗೆದು, ಬೂದಿ ಪದರದಲ್ಲಿ ದನದ ಗೊರಸಿನ ಗುರುತು, ದೊಡ್ಡಿಯ ಬೇಲಿ ಗೂಟದ ಗುರುತು ತೋರಿಸಿದಾಗ ಆ ಯೋಚನೆಗೆ ಗಟ್ಟಿ ಆಧಾರ ಸಿಕ್ಕಿತು.

ಎರಡನೆಯದು ಶಬ್ದ. ಬಳ್ಳಾರಿಯ ಪಕ್ಕದ ಕಪ್ಪಗಲ್ಲು–ಸಂಗನಕಲ್ಲು ಗುಡ್ಡಗಳಲ್ಲಿ ಕಲ್ಲುಕೊಡಲಿ ತಯಾರಿಸೋ ಕಾರ್ಖಾನೆಯಂಥ ಜಾಗವನ್ನು ಫೂಟ್ ಗುರುತಿಸಿದ್ದರು. ಗ್ರಾನೈಟ್ ಗುಡ್ಡದ ನಡುವೆ ಹಾಯ್ದ ಕಪ್ಪು ಡಾಲರೈಟ್ ಪಟ್ಟಿಯಲ್ಲಿ ಕಲ್ಲು ಕುಟ್ಟಿ ಕುಟ್ಟಿ ಬಿಡಿಸಿದ ಗೂಳಿ, ಮನುಷ್ಯರ ಚಿತ್ರಗಳಿವೆ. ಅವನ್ನು 1892ರಲ್ಲಿ ಫ್ರೆಡ್ ಫಾಸೆಟ್ ಜಗತ್ತಿಗೆ ತಿಳಿಸಿದರು. ಅದೇ ಪಟ್ಟಿಯಲ್ಲಿ ಕೆಲವು ಬಂಡೆಗಳ ಮೇಲೆ ಬಟ್ಟಲಿನಂಥ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ಹೊಡೆದರೆ ಗಂಟೆಯ ಹಾಗೆ ನಾದ ಬರುತ್ತೆ. ಹೊಡೆದೂ ಹೊಡೆದೂ ಆದ ಗುಳಿಗಳು ಅವು. ನಿಕೋಲ್ ಬಾಯ್ವಿನ್ ಎಂಬ ಪುರಾತತ್ತ್ವಜ್ಞೆ 2004ರಲ್ಲಿ ಇವುಗಳ ಬಗ್ಗೆ ವಿವರವಾಗಿ ಬರೆದರು. ನಮ್ಮ ಹಿರೇಬೆಣಕಲ್‌ನಲ್ಲೂ ಅರ್ಧಗೋಳದ ಹಾಗಿರೋ ನಗಾರಿ ಗುಂಡು ಇದೆಯಲ್ಲ, ಅದೂ ಇದೇ ಬಳಗ. ಬಡಿದರೆ ಬಹಳ ದೂರ ಕೇಳಿಸುತ್ತೆ. ಆ ಜನರ ಮಾತು ನಮಗೆ ಸಿಕ್ಕಿಲ್ಲ. ಆದರೆ ಅವರ ಕಿವಿ ಕೇಳಿದ ಒಂದು ಸದ್ದು ಇವತ್ತಿಗೂ ಆ ಕಲ್ಲಿನಲ್ಲಿ ಹಾಗೇ ಇದೆ.

1880ರ ದಶಕದಲ್ಲಿ ಕರ್ನೂಲಿನ ಬಿಲ್ಲಸುರ್ಗಂ ಗವಿಗಳನ್ನು ಅಗೆಯೋ ಕೆಲಸ ಬಂತು. ಡಾರ್ವಿನ್‌ರ ಗೆಳೆಯ ಥಾಮಸ್ ಹಕ್ಸ್‌ಲಿಯವರ ಸಲಹೆಯಿಂದ ಆ ಕೆಲಸ ಶುರುವಾಗಿತ್ತು. ಫೂಟ್ ತಮ್ಮ ಮಗ ಹೆನ್ರಿ ಜೊತೆ ಅಲ್ಲಿ ಪ್ರಾಣಿಗಳ ಎಲುಬುಗಳನ್ನು ಹೊರತೆಗೆದರು. 1891ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತಿ. ಮನೆಯಲ್ಲಿ ಕೂರಲಿಲ್ಲ. ಬರೋಡಾ ಸಂಸ್ಥಾನದ ಭೂವಿಜ್ಞಾನದ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅಲ್ಲಿಯೂ ದುಡಿದರು.

ಫೂಟ್ ಎಲ್ಲವನ್ನೂ ಸರಿಯಾಗೇ ಹೇಳಿದರು ಅಂತಲ್ಲ. ಹಳೇ ಶಿಲಾಯುಗಕ್ಕೂ ಹೊಸ ಶಿಲಾಯುಗಕ್ಕೂ ನಡುವೆ ದಕ್ಷಿಣ ಭಾರತದಲ್ಲಿ ದೊಡ್ಡ ಖಾಲಿ ಕಾಲ ಇತ್ತು, ಹಳಬರು ಹೋಗಿ ಎಷ್ಟೋ ಕಾಲದ ಮೇಲೆ ಹೊಸಬರು ಬಂದರು ಅಂತ ಅವರು ನಂಬಿದ್ದರು. ಮುಂದಿನವರು ನಡುವಿನ ಕಾಲದ ಸಣ್ಣ ಸಣ್ಣ ಕಲ್ಲಲಗುಗಳ ತಾಣಗಳನ್ನು ಹುಡುಕಿ ಆ ಖಾಲಿಯನ್ನು ತುಂಬಿದರು. ಆದರೆ ತಿದ್ದಲಿಕ್ಕೆ ಸಾಧ್ಯವಾದದ್ದೂ ಫೂಟ್‌ರಿಂದಲೇ. ಯಾವ ಕಲ್ಲು ಯಾವ ಊರಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಅಂತ ಅವರು ಬರೆದಿಟ್ಟಿದ್ದರು. ಅವರ ತೀರ್ಮಾನ ಬಿದ್ದರೂ ಅವರ ಡೇಟಾ ಬೀಳಲಿಲ್ಲ. ನಮ್ಮ ಲ್ಯಾಬ್ ರೆಕಾರ್ಡಿಗೆ ಇದಕ್ಕಿಂತ ಒಳ್ಳೆ ಪಾಠ ಇನ್ನೊಂದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಕಲ್ಲಿಗೂ ಮಾತಿಗೂ ಏನು ಸಂಬಂಧ?

ಫೂಟ್‌ರ ಕಾಲಕ್ಕೆ ಆ ಕೊಡಲಿಗಳ ವಯಸ್ಸು ವರ್ಷಗಳಲ್ಲಿ ಹೇಳೋ ವಿಧಾನ ಇರಲಿಲ್ಲ. ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಸಂಗಡಿಗರು ಮತ್ತೆ ಅಗೆದು, 2011ರಲ್ಲಿ ಅಲ್ಲಿನ ಹಳೇ ಹತಾರಗಳು ಸುಮಾರು 15 ಲಕ್ಷ ವರ್ಷದವು ಅಂತ ಪ್ರಕಟಿಸಿದರು. ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಅಗೆಸಿದ ಕಲ್ಲುಗಣಿಯ ತಾಣ ಸುಮಾರು 12 ಲಕ್ಷ ವರ್ಷದ್ದು ಅಂತ ಲೆಕ್ಕ ಬಂದಿದೆ. ಆದರೆ ನಮ್ಮ ಜಾತಿಯ ಮನುಷ್ಯ, ಹೋಮೋ ಸೇಪಿಯನ್ಸ್, ಭೂಮಿಯ ಮೇಲೆ ಬಂದು ಸುಮಾರು 3 ಲಕ್ಷ ವರ್ಷ ಅಷ್ಟೇ. ಅಂದರೆ ಆ ಕೊಡಲಿ ಮಾಡಿದವರು ನಮಗಿಂತ ಮುಂಚಿನ ಬೇರೊಂದು ಮನುಷ್ಯ ಜಾತಿ. ಅವರು ಮಾತಾಡ್ತಿದ್ದರಾ?

ಒಂದು ಕೈಕೊಡಲಿ ಮಾಡೋದು ಒಂದೇ ಏಟಿನ ಕೆಲಸ ಅಲ್ಲ. ಕೊನೆಗೆ ಬರಬೇಕಾದ ಆಕಾರ ಮೊದಲೇ ತಲೆಯಲ್ಲಿರಬೇಕು. ಆ ಆಕಾರಕ್ಕೆ ಈ ಕಡೆ ತೆಳು ಆಗಬೇಕು, ಅದಕ್ಕೆ ಮೊದಲು ಅಂಚಿನ ಕೋನ ಸರಿ ಮಾಡಬೇಕು, ಅದಕ್ಕೂ ಮೊದಲು ಅಂಚನ್ನು ಉಜ್ಜಿ ಗಟ್ಟಿ ಮಾಡಬೇಕು. ದೊಡ್ಡ ಗುರಿಯೊಳಗೆ ಸಣ್ಣ ಗುರಿ, ಅದರೊಳಗೆ ಇನ್ನೂ ಸಣ್ಣದು. ಫಂಕ್ಷನ್ ಒಳಗೆ ಫಂಕ್ಷನ್ ಕರೆದ ಹಾಗೆ. ವಾಕ್ಯವೂ ಹಾಗೇ ಅಲ್ಲವಾ? ನಿನ್ನೆ ಸಂತೆಯಲ್ಲಿ ಕಂಡ ಹುಡುಗ ತಂದ ಹಣ್ಣು ಅಂತ ಒಂದರೊಳಗೊಂದು ಸೇರಿಸ್ತೀವಿ. ಡೀಟ್ರಿಕ್ ಸ್ಟೌಟ್ ಮತ್ತು ಸಂಗಡಿಗರು ಕಲ್ಲು ಕೆತ್ತೋರ ಮೆದುಳನ್ನು ಸ್ಕ್ಯಾನ್ ಮಾಡಿ, ಕೈಕೊಡಲಿ ಮಾಡುವಾಗ ಕೆಲಸ ಮಾಡೋ ಭಾಗಗಳು ಮಾತಿನ ಭಾಗಗಳ ಜೊತೆ ಒಂದಿಷ್ಟು ಕೂಡಿಕೊಳ್ಳುತ್ತವೆ ಅಂತ ತೋರಿಸಿದರು. ಬ್ರೋಕಾ ಕಂಡ ಜಾಗ, ಫೂಟ್ ಕಂಡ ಕಲ್ಲು, ಎರಡೂ ನೂರೈವತ್ತು ವರ್ಷದ ಹತ್ತಿರ ಹತ್ತಿರ ಒಂದೇ ಪ್ರಯೋಗದಲ್ಲಿ ಭೇಟಿಯಾದವು.

2015ರಲ್ಲಿ ಥಾಮಸ್ ಮಾರ್ಗನ್ ತಂಡ ಇನ್ನೊಂದು ಪ್ರಯೋಗ ಮಾಡಿತು. 184 ಜನರಿಗೆ ಕಲ್ಲಿನ ಚಕ್ಕೆ ತೆಗೆಯೋದನ್ನು ಐದು ಥರದಲ್ಲಿ ಕಲಿಸಿದರು. ಕೆಲವರಿಗೆ ಬರೀ ತಯಾರಾದ ಚಕ್ಕೆ ಕೊಟ್ಟರು, ಕೆಲವರು ನೋಡಿ ಕಲಿತರು, ಕೆಲವರಿಗೆ ಕೈ ಹಿಡಿದು, ಸನ್ನೆ ಮಾಡಿ, ಇನ್ನು ಕೆಲವರಿಗೆ ಮಾತಿನಲ್ಲಿ ಹೇಳಿಕೊಟ್ಟರು. ಬರೀ ನೋಡಿದವರಿಗೆ ಹೆಚ್ಚೇನೂ ಹತ್ತಲಿಲ್ಲ. ಕಲಿಸಿದಾಗ, ಅದರಲ್ಲೂ ಮಾತಾಡಿ ಕಲಿಸಿದಾಗ, ಕೆಲಸ ಬಹಳ ಸುಧಾರಿಸಿತು. ಹಾಗಾಗಿ ಕಲ್ಲಿನ ಹತಾರ ಬೆಳೆದ ಹಾಗೆ ಕಲಿಸೋ ಅಗತ್ಯ ಬೆಳೆಯಿತು, ಕಲಿಸೋ ಅಗತ್ಯ ಮಾತನ್ನು ಬೆಳೆಸಿತು ಅನ್ನೋದು ಅವರ ವಾದ. ಎಲ್ಲರೂ ಒಪ್ಪಿಲ್ಲ. 2017ರಲ್ಲಿ ಶೆಲ್ಬಿ ಪಟ್ ತಂಡ, ಮಾತಿಲ್ಲದೆ ಕಲಿತವರ ಮೆದುಳಿನಲ್ಲಿ ಕೈಕೊಡಲಿ ಮಾಡುವಾಗ ಕೆಲಸ ಮಾಡೋದು ಮಾತಿನ ಜಾಗಕ್ಕಿಂತ ಕೆಲಸದ ನೆನಪು, ಚಲನೆಯ ಯೋಜನೆಯ ಜಾಗಗಳು, ಪಿಯಾನೋ ನುಡಿಸುವಾಗಿನ ಹಾಗೆ ಅಂತ ತೋರಿಸಿತು. ವಾದ ಇನ್ನೂ ನಡೀತಿದೆ. ಆದರೆ ಇವತ್ತು ಅದು ಬೌ-ವೌ, ಪೂ-ಪೂ ಜಗಳ ಅಲ್ಲ. ಮೇಜಿನ ಮೇಲೆ ಕಲ್ಲು ಇಟ್ಟುಕೊಂಡು ನಡೆಯೋ ವಾದ. ಆ ಮೇಜಿನ ಮೇಲೆ ಭಾರತದ ಕಲ್ಲು ಇಟ್ಟವರಲ್ಲಿ ಫೂಟ್ ಮೊದಲಿಗರು.

ನಮ್ಮ ಭಾಷೆಗಳ ಹಿಂದಿನ ಸುಳಿವೂ ಫೂಟ್ ತೋರಿಸಿದ ಬೂದಿ ದಿಬ್ಬಗಳ ಕಾಲಕ್ಕೆ ತಾಕುತ್ತೆ. ಸಂಗನಕಲ್ಲಿನಂಥ ತಾಣಗಳಲ್ಲಿ ಹೊಸಶಿಲಾಯುಗದ ಜನ ತಿಂದ ಹುರುಳಿ, ಹೆಸರಿನ ಕರಿಕಾದ ಕಾಳುಗಳು ಸಿಕ್ಕಿವೆ. ನಮ್ಮ ಹೆಸರು ಕಾಳು ಹಳಗನ್ನಡದಲ್ಲಿ ಪೆಸರು, ತೆಲುಗಿನಲ್ಲಿ ಪೆಸಲು, ತಮಿಳಿನಲ್ಲಿ ಪಯರು. ಮೂರೂ ಒಂದೇ ಬೇರಿನವು. ಕಾಳಿನ ವಯಸ್ಸನ್ನೂ ಪದದ ಬೇರನ್ನೂ ಪಕ್ಕಪಕ್ಕ ಇಟ್ಟು ಕೆಲವು ವಿದ್ವಾಂಸರು, ಆ ದನಗಾಹಿ ರೈತರು ಆಡ್ತಿದ್ದದ್ದು ದ್ರಾವಿಡ ಭಾಷೆಗಳ ಹಳೇ ರೂಪ ಇರಬಹುದು ಅಂತ ಹೇಳ್ತಾರೆ. ಇದು ಊಹೆ, ಆದರೆ ಆಧಾರ ಇರೋ ಊಹೆ. ಯಲಬುರ್ಗಾದ ಎರೆಹೊಲದಲ್ಲಿ ಮುಂಗಾರಿಗೆ ಹೆಸರು ಬಿತ್ತುವಾಗ ಕಾಳಿನ ಜೊತೆ ಅದರ ಹೆಸರೂ ಸಾವಿರಾರು ವರ್ಷದಿಂದ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಬಂದಿದೆ ಅಂತ ನೆನೆಸಿಕೊಳ್ಳಿ.

ಫೂಟ್ ಕೊನೆಯ ವರ್ಷಗಳನ್ನು ತಮಿಳುನಾಡಿನ ಷೆವರಾಯ್ ಬೆಟ್ಟದ ಏರ್ಕಾಡಿನಲ್ಲಿ ಕಳೆದರು. 1904ರಲ್ಲಿ ತಮ್ಮ ಇಡೀ ಸಂಗ್ರಹವನ್ನು ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಬೆಲೆ ತಗೊಂಡರು, ಆದರೆ ಸಂಗ್ರಹ ಹಡಗು ಹತ್ತಿ ಹೋಗಲಿಲ್ಲ, ಇಲ್ಲೇ ಉಳಿಯಿತು. ಆಮೇಲೆ ಆ ಒಂದೊಂದು ಕಲ್ಲಿನ ವಿವರ ಬರೆಯುತ್ತಾ ಕೂತರು. 400ಕ್ಕೂ ಹೆಚ್ಚು ತಾಣಗಳು, ಸಾವಿರಾರು ವಸ್ತುಗಳು. 1912ರ ಡಿಸೆಂಬರ್ 29ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಪುಸ್ತಕವನ್ನು ಅಚ್ಚಿನಲ್ಲಿ ನೋಡಲಿಲ್ಲ. ಅದರ ಮೊದಲ ಭಾಗ 1914ರಲ್ಲಿ, ಎರಡನೆಯದು 1916ರಲ್ಲಿ ಹೊರಬಂತು. ಇವತ್ತಿಗೂ ದಕ್ಷಿಣ ಭಾರತದ ಪ್ರಾಗಿತಿಹಾಸ ಓದೋರು ಅಲ್ಲಿಂದಲೇ ಶುರು ಮಾಡ್ತಾರೆ.

ಬಳ್ಳಾರಿಯಲ್ಲಿ ಈಗ ಅವರ ಹೆಸರಲ್ಲೇ ಒಂದು ವಸ್ತುಸಂಗ್ರಹಾಲಯ ಇದೆ, ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪ್ರಾಕ್ತನ ವಸ್ತುಸಂಗ್ರಹಾಲಯ. ಗಂಗಾವತಿ, ಕೊಪ್ಪಳದಿಂದ ಬೆಳಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು. ಹೋಗಿ ಬರ್ರಿ.

ಹೋಗೋ ದಾರಿಯಲ್ಲಿ ಒಂದನ್ನು ಗಮನಿಸಿ. ಕಪ್ಪಗಲ್ಲಿನ ನಾದದ ಬಂಡೆಗಳ ಬಗ್ಗೆ ಬರೆದ ಸಂಶೋಧಕರು ಅಲ್ಲೇ ಗ್ರಾನೈಟ್ ಗಣಿಗಾರಿಕೆ ನಡೆದು ಚಿತ್ರಗಳಿಗೆ ಅಪಾಯ ಇದೆ ಅಂತಲೂ ಬರೆದಿದ್ದರು. ನಮ್ಮ ಕುಷ್ಟಗಿ, ಇಳಕಲ್ ಕಡೆಯ ಕೆಂಪು ಗ್ರಾನೈಟ್ ದೇಶ ವಿದೇಶಕ್ಕೆ ಹೋಗುತ್ತೆ. ಕ್ರಷರ್‌ಗಳಿಂದ ಜಲ್ಲಿ ರಸ್ತೆಗೆ, ಸೇತುವೆಗೆ, ನಮ್ಮದೇ ಹಾಸ್ಟೆಲ್ಲಿನ ಸ್ಲ್ಯಾಬಿಗೆ ಹೋಗುತ್ತೆ. ಅದು ತಪ್ಪು ಅಂತ ಎಂಜಿನಿಯರಿಂಗ್ ಓದೋ ನಾವು ಹೇಳಲಿಕ್ಕೆ ಬರೋದಿಲ್ಲ, ಜಲ್ಲಿ ಇಲ್ಲದೆ ಕಾಂಕ್ರೀಟಿಲ್ಲ. ಆದರೆ ಯಾವ ಗುಡ್ಡದಿಂದ ಜಲ್ಲಿ ತರಬೇಕು, ಯಾವುದನ್ನು ಮುಟ್ಟಬಾರದು ಅನ್ನೋ ಕಾಗದಕ್ಕೆ ಇನ್ನು ನಾಲ್ಕೈದು ವರ್ಷದಲ್ಲಿ ಸಹಿ ಹಾಕೋರು ನಮ್ಮಲ್ಲೇ ಕೆಲವರು. ಸಿವಿಲ್‌ನವರು, ಮೈನಿಂಗ್‌ನವರು, ಸರ್ವೆಗೆ ಡ್ರೋನ್ ಹಾರಿಸೋರು.

ಫೂಟ್‌ರೂ ಅಂಥ ಕೆಲಸದಲ್ಲೇ ಇದ್ದವರು. ಅವರ ಮೊದಲ ಕಲ್ಲು ಸಿಕ್ಕಿದ್ದು ಯಾರೋ ಗರಸು ತೆಗೆದ ಗುಂಡಿಯಲ್ಲಿ. ಅಗೆಯೋದನ್ನು ಅವರು ನಿಲ್ಲಿಸಲಿಲ್ಲ, ಅಗೆದದ್ದನ್ನು ನೋಡಿದರು. ಕೈಗೆ ಬಂದ ಕಲ್ಲನ್ನು ಬಿಸಾಡದೆ ಎಲ್ಲಿ ಸಿಕ್ಕಿತು, ಯಾವ ಆಳದಲ್ಲಿ, ಯಾವುದರ ಜೊತೆ ಅಂತ ಬರೆದಿಟ್ಟರು. ನಿಮಗೂ ಹೊಲದಲ್ಲೋ ಸೈಟಿನಲ್ಲೋ ಅಂಥದ್ದು ಕಂಡರೆ ಜೇಬಿಗೆ ಹಾಕಿಕೊಂಡು ಬರಬೇಡಿ. ಇದ್ದಲ್ಲೇ ಬಿಟ್ಟು, ಫೋಟೋ ತೆಗೆದು, ಫೋನಿನಲ್ಲಿ ಜಾಗ ಗುರುತು ಮಾಡಿ, ಪುರಾತತ್ತ್ವ ಇಲಾಖೆಗೆ ತಿಳಿಸಿ. ಜಾಗ ತಪ್ಪಿದ ಕಲ್ಲು ಮೂಕ. ಮಾತು ಬರೆದಿಡಲಿಕ್ಕೆ ಬಾರದ ಜನ ನಮಗೆ ಬಿಟ್ಟುಹೋದದ್ದು ಈ ಕಲ್ಲುಗಳನ್ನಷ್ಟೇ. ಕ್ರಷರಿಗೆ ಬೀಳೋ ಮುಂಚೆ ಒಮ್ಮೆ ತಿರುಗಿಸಿ ನೋಡೋ ಕಣ್ಣು ಒಬ್ಬರಿಗಾದರೂ ಇರಬೇಕು.